ಹೊಗೆ ಏಳದ ಊರು

ನುಸಿಗುಳಿಗೆ ಹಾಕೋಣವೆಂದು ಟ್ರಂಕು ಬರಿದು ಮಾಡಿದೆ. ತಳದಲ್ಲಿ ಒಂದು ತಗಡು ಸಿಕ್ಕಿತು. ಪೌಡರ್ ಡಬ್ಬ ಕತ್ತರಿಸಿ ಚಪ್ಪಟೆ ಮಾಡಿದ ತಗಡು. ಎರಡು ತುದಿಗೂ ತೂತು, ತೂತಿನಲ್ಲಿ ನನ್ನದೇ ಹಳೆಯ ಸೀರೆಯ ನೀಲಿ ಅಂಚು. ತಗಡಿನ ಮೇಲೆ ಮೊಳೆಯಿಂದ ಕೊರೆದ ಕಾಗೆಕಾಲು. ಗೀರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು.

"ಇದೇನವ್ವ ಕಸ, ಬಿಸಾಕು ಅತ್ಲಾಗೆ," ಅಂದಳು ಮಗಳು ಸುಮಿತ್ರ.

ನಾನು ಬಿಸಾಡಲಿಲ್ಲ. ಅದು ಒಂದು ಊರಿನ ಗುರುತು. ಆ ಊರಿಗೆ ನಾನು ಯಜಮಾನಿಯಾಗಿದ್ದೆ. ಅಂಥ ಊರು ಹೇಗೆ ನಡೆಯುತ್ತದೆ ಅನ್ನುವುದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಓದುವ ನಿಮಗೆ ಯಾರಿಗಾದರೂ ತಿಳಿದಿದ್ದರೆ ಹೇಳಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಮಲ್ಲಿಪಟ್ಟಣದ ಕಡೆಯ ನಮ್ಮ ಹಳ್ಳಿಗೆ ತೊಂಬತ್ತನೇ ಇಸವಿಯ ಆಚೀಚೆ, ವಯಸ್ಸಾದವರಿಗೆ ಅಕ್ಷರ ಕಲಿಸಲು ಬಂದಾಗ ಸ್ಲೇಟು ಹಿಡಿದೆ. ಹೇಳಿಕೊಡುತ್ತಿದ್ದ ಹುಡುಗಿ ನನ್ನ ಅ ನೋಡಿ, "ಅಜ್ಜಿ, ಇದು ಅಕ್ಷರ ಅಲ್ಲ, ಚಕ್ಕುಲಿ," ಅನ್ನುತ್ತಿದ್ದಳು. ಆ ಚಕ್ಕುಲಿಯಲ್ಲೇ ಇದನ್ನು ಬರೆದಿದ್ದೇನೆ. ಒತ್ತು, ದೀರ್ಘ ಸುಮಿತ್ರ ಸರಿ ಮಾಡಿದ್ದಾಳೆ. ಮಾತು ಸರಿ ಮಾಡಲು ನಾನು ಬಿಟ್ಟಿಲ್ಲ.

ಮಂಡಿ ಕೆಟ್ಟ ಮೇಲೆ ನಾನು ಹೊಳೆನರಸೀಪುರದಲ್ಲಿದ್ದ ಮಗಳ ಮನೆಗೆ ಬಂದೆ. ಹಾಸನದ ಡಾಕ್ಟರ ಹತ್ತಿರ ಹೋಗಿಬರಲು ಅಲ್ಲಿಂದ ಸಲೀಸು. ಅಳಿಯ ಲೈನ್‌ಮ್ಯಾನ್, ಹಗಲೆಲ್ಲ ಕಂಬದ ಮೇಲೆ. ಮೊಮ್ಮಗಳು ಚೈತ್ರ ಆಗ ಐದನೇ ಕ್ಲಾಸು. ಕೇಬಲ್ಲು ಹಾಕಿಸಿ ಒಂದು ವರ್ಷವಾಗಿತ್ತು. ಶಾಲೆ ಬಿಟ್ಟು ಬಂದವಳೇ ಬ್ಯಾಗು ಒಂದು ಮೂಲೆಗೆ, ಸಾಕ್ಸು ಇನ್ನೊಂದು ಮೂಲೆಗೆ ಎಸೆದು ಟೀವಿ ಮುಂದೆ ಕೂರುತ್ತಿದ್ದಳು. ಬರುತ್ತಿದ್ದುದು ಜಪಾನಿನ ಕಾರ್ಟೂನು, ಮಾತು ಹಿಂದಿ. ಚೈತ್ರಳ ಹಿಂದಿ ಅರ್ಧ, ನನ್ನ ಕಿವಿ ಅರ್ಧ. ಹಾಗಾಗಿ ಕಾಲುಭಾಗ ಕತೆ ನನಗೆ ಮುಟ್ಟುತ್ತಿತ್ತು.

"ಇದು ಗುಟ್ಟಿನ ಊರು ಕಣಜ್ಜಿ. ನಿಂಜಾಗಳ ಊರು. ಯಾರಿಗೂ ಗೊತ್ತಿಲ್ಲ."

"ಯಾರಿಗೂ ಗೊತ್ತಿಲ್ದಿದ್ರೆ ಟೀವೀಗೆ ಎಂಗ್ ಬಂತು?"

"ಅಯ್ಯೋ, ಸುಮ್ನೆ ನೋಡಜ್ಜಿ!"

ನಿಂಜಾ ಅಂದರೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಸದ್ದಿಲ್ಲದೆ ಓಡಿ, ಕಣ್ಣೆದುರೇ ಮಾಯವಾಗುವವನು. ಕಳ್ಳನೇ ಅಂದರೆ ಚೈತ್ರ ಅಲ್ಲ ಅನ್ನುತ್ತಾಳೆ. ಪೊಲೀಸೇ ಅಂದರೆ ಅದೂ ಅಲ್ಲವಂತೆ. ಎರಡು ಬಂಡೆ ಬೆಟ್ಟಗಳ ಬಿರುಕಿನಲ್ಲಿ ಅವರ ಊರು, ಮುಂದೆ ಮಂಜಿನ ಪರದೆ. ಒಳಗೆ ಹೋಗಬೇಕಾದರೆ ನೀರಿನ ಮೇಲೆ ನಡೆಯಬೇಕು. ಊರಿನವರೆಲ್ಲ ಹಣೆಗೆ ಒಂದೇ ಗುರುತಿನ ತಗಡು ಕಟ್ಟಿಕೊಳ್ಳುತ್ತಾರೆ. ಗುಟ್ಟಿನ ಊರಿನವರು ಊರಿನ ಗುರುತನ್ನು ಹಣೆ ಮೇಲೆ ಯಾಕೆ ಕಟ್ಟಿಕೊಳ್ಳಬೇಕು? ಕೇಳಿದೆ. ಚೈತ್ರ ಟೀವಿ ಸದ್ದು ಜೋರು ಮಾಡಿದಳು.

ಅವರಿಗೆ ಕೆಲಸ ಸಿಗುವ ರೀತಿ ಹೀಗೆ. ಕಣಿವೆಯ ಆಚೆ ಒಂದು ಹಳೆ ಸೇತುವೆ. ಯಾರಿಗಾದರೂ ನಿಂಜಾ ಬೇಕಾದರೆ ಸೇತುವೆಗೆ ಕೆಂಪು ಬಟ್ಟೆ ಕಟ್ಟಿ ಕಾಯಬೇಕು. ಒಳಗಿನಿಂದ ಮೂವರು ಬಂದು ಕೇಳುತ್ತಾರೆ. ಒಬ್ಬ ದೊರೆಯನ್ನು ಮುಗಿಸು ಅಂದರೂ ಮೂವರೇ, ಕಳೆದುಹೋದ ಕತ್ತೆ ಹುಡುಕಿಕೊಡು ಅಂದರೂ ಮೂವರೇ.

"ಕೆಂಪು ಬಟ್ಟೆ ಕಟ್ಟಬೇಕು ಅಂತ ಆ ಕತ್ತೆಯೋನಿಗೆ ಯಾರೇ ಹೇಳ್ದೋರು?"

"ಎಲ್ರಿಗೂ ಗೊತ್ತಿರ್ತದೆ."

"ಎಲ್ರಿಗೂ ಗೊತ್ತಿದ್ಮೇಲೆ ಗುಟ್ಟೇನು ಬಂತು?"

"ಊರು ಐತೆ ಅಂತ ಗೊತ್ತು. ಎಲ್ಲೈತೆ ಅಂತ ಗೊತ್ತಿಲ್ಲ. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಏಳು ವರ್ಷಕ್ಕೇ ಮಕ್ಕಳನ್ನು ಅಲ್ಲಿ ಶಾಲೆಗೆ ಸೇರಿಸಿ ಮಾಯವಾಗುವುದನ್ನು ಕಲಿಸುತ್ತಾರಂತೆ. ನಮ್ಮ ಬೀದಿಯ ಮಕ್ಕಳು ಯಾರೂ ಕಲಿಸದೆಯೇ ಮಗ್ಗಿ ಹೇಳಿಸುವ ಹೊತ್ತಿಗೆ ಮಾಯವಾಗುತ್ತಿದ್ದರು. ಇರಲಿ. ನನ್ನ ತಲೆ ಕೆಟ್ಟಿದ್ದು ಬೇರೆ ವಿಷಯಕ್ಕೆ. ಆ ಊರಿನಲ್ಲಿ ಒಂದು ಗದ್ದೆಯಿಲ್ಲ, ಹೊಲವಿಲ್ಲ, ಒಂದು ಎಮ್ಮೆಯಿಲ್ಲ. ಹೊತ್ತು ಹೊತ್ತಿಗೆ ಎಲೆಯಲ್ಲಿ ಸುತ್ತಿದ ಅನ್ನದುಂಡೆ ತಿನ್ನುತ್ತಾರೆ. ಭತ್ತ ಯಾರು ಬೆಳೆದರು? ಉಪ್ಪು ಎಲ್ಲಿಂದ ಬಂತು? ಕರೀ ಬಟ್ಟೆಯನ್ನು ಅಷ್ಟು ಚೆನ್ನಾಗಿ ಒಗೆದವರು ಯಾರು? ಎಲ್ಲಕ್ಕಿಂತ ಹೆಚ್ಚಾಗಿ, ಊರಿನ ಮೇಲೆ ಹೊಗೆ ಏಳುವುದನ್ನೇ ಕಾಣೆ. ನಮ್ಮ ಕಾಲದಲ್ಲಿ ಮೈಲಿ ದೂರದಿಂದ ಹೊಗೆ ನೋಡಿಯೇ ಅಲ್ಲೊಂದು ಹಳ್ಳಿಯಿದೆ ಅನ್ನುತ್ತಿದ್ದೆವು. ಒಲೆ ಉರಿಸದೆ ಊರು ಹೇಗಾಗುತ್ತದೆ?

"ನಿಮ್ಮೂರಲ್ಲಿ ಏನೂ ಗುಟ್ಟು ಇರ್ಲಿಲ್ವಾ ಅಜ್ಜಿ?" ಅಂತ ಒಂದು ದಿನ ಚೈತ್ರ ಕೇಳಿದಳು, ನನ್ನ ಬಾಯಿ ಮುಚ್ಚಿಸುವುದಕ್ಕೆ. ನಾನು ಹಗೇವಿನ ವಿಷಯ ಹೇಳಿದೆ. ಹೇಳಬಾರದಿತ್ತು.

ಹಗೇವು ಅಂದರೆ ರಾಗಿ ಇಡುವ ನೆಲದೊಳಗಿನ ಗುಂಡಿ. ಬಾಯಿ ಒಬ್ಬ ಆಳು ಇಳಿಯುವಷ್ಟು, ಒಳಗೆ ಗುಡಾಣದ ಹಾಗೆ ಅಗಲ. ತುಂಬಿಸಿ, ಬಾಯಿಗೆ ಚಪ್ಪಡಿ ಹಾಕಿ, ಮಣ್ಣು ಮೆತ್ತಿ, ಮೇಲೆ ದನ ಕಟ್ಟಿದರೆ ಮುಗಿಯಿತು. ಮನೆಗೆ ಇಷ್ಟು ಇಟ್ಟುಕೊಂಡು ಮಿಕ್ಕಿದ್ದು ಸರ್ಕಾರಕ್ಕೆ ಕೊಡಬೇಕು ಅಂತ ಲೆವಿ ಇದ್ದ ಕಾಲ ಅದು. ಅರಕಲಗೂಡಿನಿಂದ ಸಾಹೇಬರು ಬಂದು ಕಬ್ಬಿಣದ ಸಲಾಕೆಯಲ್ಲಿ ಅಂಗಳ ಚುಚ್ಚಿ ನೋಡುತ್ತಿದ್ದರು. ಯಾರ ಹಗೇವು ಎಲ್ಲಿದೆ ಅಂತ ಊರಿಗೆಲ್ಲ ಗೊತ್ತು. ಸಾಹೇಬರು ಕೇಳಿದರೆ ಇಡೀ ಊರು ಮೂಕ. ಜೊಲ್ಲು ಸುರಿಸುವ ಕೂಸು ಕೂಡ ಆ ಕಡೆ ಬೆರಳು ತೋರಿಸುತ್ತಿರಲಿಲ್ಲ.

ಚೈತ್ರ ಟೀವಿ ಬಿಟ್ಟು ನನ್ನ ಕಡೆ ತಿರುಗಿದಳು. "ಅಜ್ಜಿ! ಹಂಗಾದ್ರೆ ನೀನೂ ನಿಂಜಾ!"

ಮಾರನೆಯ ದಿನ ನಮ್ಮ ಹಿತ್ತಲ ಖಾಲಿ ಕೊಟ್ಟಿಗೆಯಲ್ಲಿ ಗುಟ್ಟಿನ ಊರು ಹುಟ್ಟಿತು. ಚೈತ್ರ, ಎದುರುಮನೆಯ ರಂಜಿತ, ಬೀದಿಯ ಇನ್ನು ನಾಲ್ಕು ಹುಡುಗಿಯರು, ಎಲ್ಲ ಒಂದೇ ಶಾಲೆಯವರು. ರಂಜಿತ ಚನ್ನರಾಯಪಟ್ಟಣದವಳು. ಅಪ್ಪನಿಗೆ ವರ್ಗವಾಗಿ ಆ ಜೂನ್ ತಿಂಗಳಲ್ಲಿ ಬಾಡಿಗೆಗೆ ಬಂದಿದ್ದರು. ಮಾತು ಕಮ್ಮಿ. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ನೆಟ್ಟಗೆ. ಹೊಸ ಊರಿನಲ್ಲಿ ಅವಳಿಗೆ ಸಿಕ್ಕ ಮೊದಲ ಗೆಳತಿ ಚೈತ್ರ.

ಯಜಮಾನಿ ಯಾರು ಅನ್ನುವ ಪ್ರಶ್ನೆ ಬಂತು. ಕಾರ್ಟೂನಿನ ಊರಿಗೆ ಒಕ್ಕಣ್ಣಿನ ಮುದುಕಿಯೊಬ್ಬಳು ಹಿರಿಯಳು. ಕೂತು ಟೀ ಕುಡಿಯುವುದು ಬಿಟ್ಟರೆ ಅವಳು ಬೇರೆ ಏನು ಮಾಡಿದ್ದನ್ನೂ ನಾನು ಕಂಡಿಲ್ಲ.

"ನಿಂಗೂ ಒಂದು ಕಣ್ಣಿಗೆ ಪೊರೆ ಬಂದೈತಲ್ಲ ಅಜ್ಜಿ, ನೀನೇ ಸರಿ," ಅಂದಳು ಚೈತ್ರ.

ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತೆ. ನನ್ನ ಸೀರೆ ಅಂಚು ಹರಿದು ಎಲ್ಲರ ಹಣೆಗೂ ಕಾಗೆಕಾಲಿನ ತಗಡು ಕಟ್ಟಿದರು. ಬಾಗಿಲು ಹಾರು ಹೊಡೆದಿದ್ದರೂ ಗೋಡೆ ಹತ್ತಿಯೇ ಬರಬೇಕು. ಬಂದವರು ಕಾಗೆಯ ಹಾಗೆ ಮೂರು ಸಲ ಕೂಗಬೇಕು. ಯಾಕೆ ಅಂತ ನಾನು ಕೇಳುವುದನ್ನು ಬಿಟ್ಟುಬಿಟ್ಟಿದ್ದೆ. ನನ್ನಿಂದ ಅವರಿಗೆ ಆದ ಉಪಕಾರ ಒಂದೇ, ಮೊಣಕಾಲುದ್ದ ಹಗೇವು ತೋಡಿ ಸಗಣಿ ಮೆತ್ತುವುದನ್ನು ಕಲಿಸಿದೆ. ಅದರೊಳಗೆ ಹುರಿಗಡಲೆ, ಬೆಲ್ಲ, ಕೊಬ್ಬರಿ ಬಿತ್ತು. ಎಲ್ಲಿಂದ ತಂದಿರಿ ಅಂತ ಯಜಮಾನಿ ವಿಚಾರಿಸಲಿಲ್ಲ.

ಅದು ಗೌರಿ ಹಬ್ಬದ ಬಾಗಿನಕ್ಕೆ ಸುಮಿತ್ರ ತಂದಿಟ್ಟಿದ್ದ ಕೊಬ್ಬರಿ ಗಿಟುಕು. ಹಬ್ಬಕ್ಕೆ ಎರಡು ದಿನ ಇರುವಾಗ ಡಬ್ಬ ತೆಗೆದು ನೋಡಿದರೆ ಖಾಲಿ. ಚೈತ್ರಳನ್ನು ಕೇಳಿದಳು, "ಗೊತ್ತಿಲ್ಲ." ನನ್ನನ್ನು ಕೇಳಿದಳು, ನಾನು ಕಿವಿ ಕೇಳದವಳ ಹಾಗೆ ಸೊಪ್ಪು ಬಿಡಿಸಿದೆ. ಆ ಹೊತ್ತಿಗೆ ರಂಜಿತ ನೀರು ಕುಡಿಯಲು ಒಳಗೆ ಬಂದಳು.

"ರಂಜಿತ, ನೀನು ಸುಳ್ಳು ಹೇಳೋಳಲ್ಲ. ಕೊಬ್ಬರಿ ಎಲ್ಲವ್ವ?"

"ಕೊಟ್ಟಿಗೇಲಿ ಆಂಟಿ. ಚಪ್ಪಡಿ ಕಲ್ಲು ಐತಲ್ಲ, ಅದರ ಕೆಳಗೆ."

ಕಲ್ಲು ಎತ್ತಿದರೆ ಕೊಬ್ಬರಿ ಕಾಣದಷ್ಟು ಇರುವೆ. ಚೈತ್ರಳಿಗೆ ಎರಡು ಬಿತ್ತು. ನನಗೆ ಹೊಡೆಯಲಿಲ್ಲ ಅಷ್ಟೆ. "ಅವು ಮಕ್ಳು. ನಿನ್ಗಾದ್ರೂ ಬುದ್ಧಿ ಬ್ಯಾಡ್ವೇನವ್ವ? ಹಗೇವಂತೆ, ಹಗೇವು!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

ಅವತ್ತೇ ಸಂಜೆ ಕೊಟ್ಟಿಗೆಯಲ್ಲಿ ನ್ಯಾಯ ಕೂತಿತು. ರಂಜಿತಳನ್ನು ನಡುವೆ ನಿಲ್ಲಿಸಿದ್ದರು.

"ಯಾಕೇ ಹೇಳ್ದೆ?"

"ಆಂಟಿ ಕೇಳಿದ್ರು."

"ಕೇಳಿದ್ರೆ ಹೇಳ್ಬಿಡದಾ?"

"ಕೇಳಿದ್ರಲ್ಲ," ಅಂದಳು ಅವಳು ಮತ್ತೆ.

ಕಾರ್ಟೂನಿನ ಊರಿನಲ್ಲಿ ಗುಟ್ಟು ಬಿಟ್ಟುಕೊಟ್ಟವರ ತಗಡು ಬಿಚ್ಚಿ ಹೂಳುತ್ತಾರಂತೆ. ಆಮೇಲೆ ಅವರ ಹೆಸರು ಎತ್ತುವ ಹಾಗಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಿಜ ಹೇಳುತ್ತೇನೆ, ಸುಮಿತ್ರ ಬೈದದ್ದು ನನಗೂ ಉರಿಯುತ್ತಿತ್ತು. "ಹೂತಾಕಿ," ಅಂದೆ. ಅಷ್ಟಕ್ಕೆ ಬಿಡಬಹುದಿತ್ತು. "ನಮ್ಮೂರಲ್ಲಿ ಅಂಥೋರಿಗೆ ನೀರಿಲ್ಲ, ಬೆಂಕಿಯಿಲ್ಲ, ಮಾತಿಲ್ಲ," ಅಂತಲೂ ಸೇರಿಸಿದೆ.

"ಇದು ಕಾರ್ಟೂನಿಗಿಂತ ಚೆನ್ನಾಗೈತೆ ಅಜ್ಜಿ," ಅಂದಳು ಚೈತ್ರ.

ರಂಜಿತ ತಾನೇ ತಗಡು ಬಿಚ್ಚಿಕೊಟ್ಟು ಗೋಡೆ ಹತ್ತಿ ಹೋದಳು. ಬಾಗಿಲು ತೆರೆದೇ ಇತ್ತು.

ನಾನು ಅದನ್ನು ಮರೆತೆ. ಆಟ ಅಲ್ಲವೇ ಅಂದುಕೊಂಡಿದ್ದೆ. ಹಬ್ಬ ಮುಗಿಯಿತು, ಇನ್ನೂ ಎರಡು ವಾರ ಕಳೆಯಿತು. ಒಂದು ಗುರುವಾರ ರಂಜಿತಳ ತಾಯಿ ಗಿರಿಜ ಬಂದು ಸುಮಿತ್ರಳ ಮುಂದೆ ಕೂತು ಕಣ್ಣು ಒರೆಸಿಕೊಂಡಳು.

"ಸ್ಕೂಲಿಗೆ ಹೋಗಲ್ಲ ಅಂತಾಳೆ ಅಕ್ಕ. ಯಾರೂ ಪಕ್ಕ ಕೂರಲ್ವಂತೆ, ಪೆನ್ಸಿಲ್ ಕೇಳಿದ್ರೆ ಕೊಡಲ್ವಂತೆ, ನೀರಿನ ಬಾಟ್ಲಿ ಸೈತ ಮುಟ್ಟಿಸಲ್ವಂತೆ. ಟೀಚರ್ ಹೇಳಿದ್ದು ಇಷ್ಟೂನೂವೆ. ಇವ್ಳು ಯಾಕೆ ಅಂತ ಬಾಯೇ ಬಿಡಲ್ಲ. 'ಹೇಳಂಗಿಲ್ಲ' ಅಂತಾಳೆ. ಚನ್ನರಾಯಪಟ್ಣದಲ್ಲಿ ನಮ್ಮಮ್ಮನ ಮನೇಲೇ ಇರ್ತಾಳಂತೆ. ಭಾನುವಾರ ಕಳಿಸ್ಬಿಡ್ತೀವಿ. ಸೋಮವಾರ ಇವ್ರು ಟೀಸಿ ಕೇಳೋಕೆ ಹೋಗ್ತಾರೆ."

ಕೇಳಿದ್ದಕ್ಕೆ ಹೇಳಿದಳು ಅಂತ ಹೊರಗೆ ಹಾಕಿದ್ದೆವು. ಈಗ ಹೆತ್ತ ತಾಯಿ ಕೇಳಿದರೂ ಹೇಳುತ್ತಿಲ್ಲ. ನಾನು ಎದ್ದು ಹಿತ್ತಲಿಗೆ ಹೋದೆ.

"ಚೈತ್ರ, ಸಾಕು. ಆ ಮಗೂನ ಸೇರಿಸ್ಕಳ್ರೇ."

"ಆಗಲ್ಲ ಅಜ್ಜಿ. ಹೊರಗೆ ಹಾಕ್ದೋರನ್ನ ವಾಪಸ್ ಕರ್ಕಳದು ಇನ್ನೂ ತೋರ್ಸಿಲ್ಲ."

"ಯಾವಾಗ ತೋರಿಸ್ತಾರೆ?"

"ನಂಗೇನ್ ಗೊತ್ತು? ಇನ್ನೂ ನೂರು ಎಪಿಸೋಡ್ ಐತಂತೆ."

"ನಾನು ಯಜಮಾನಿ ಹೇಳ್ತಿದೀನಿ."

"ಹೂತಾಕಿ ಅಂದೋಳೂ ನೀನೇ. ಒಂದ್ಸಲ ಅಂದ್ಮೇಲೆ ಆಯ್ತು." ಅಂದವಳೇ ತಗಡು ಹೂತ ಜಾಗವನ್ನು ಕಾಲ್ಬೆರಳಿನಿಂದ ಕೆದಕುತ್ತಾ ನಿಂತಳು. ಗೆಳತಿ ಬೇಕು, ಆದರೆ ದಾರಿ ಗೊತ್ತಿಲ್ಲ.

ಗುರುವಾರ, ಶುಕ್ರವಾರ ಎರಡು ಸಂಜೆ ನಾನೇ ಕನ್ನಡಕ ಹಾಕಿಕೊಂಡು ಟೀವಿ ಮುಂದೆ ಕೂತೆ, ವಾಪಸ್ ಕರೆಯುವ ಕಾನೂನು ಎಲ್ಲಾದರೂ ಬರುತ್ತದೇನೋ ಅಂತ. ಗುರುವಾರ ಹೊರಗೆ ಹಾಕಿಸಿಕೊಂಡವನೊಬ್ಬ ಶುಕ್ರವಾರ ಊರೊಳಗೆ ಓಡಾಡುತ್ತಿದ್ದ. ಹಿಗ್ಗಿ ಚೈತ್ರಳನ್ನು ಕೂಗಿದೆ. ಅವನು ಇವನಲ್ಲವಂತೆ, ಅವಳಿ ತಮ್ಮನಂತೆ. ಆಮೇಲೆ ಆ ತಮ್ಮನೂ ನಿಜದವನಲ್ಲ, ಹೊಗೆಯಿಂದ ಮಾಡಿದ ಗೊಂಬೆ ಅಂತಾಯಿತು. ಅಡಿಗೆ ಮಾಡಲು ಏಳದ ಹೊಗೆ ಗೊಂಬೆ ಮಾಡಲು ಎಲ್ಲಿಂದ ಬಂತೋ. ಟೀವಿ ಆರಿಸಿ ಎದ್ದೆ.

ಹಾಗಾದರೆ ನಮ್ಮೂರಿನಲ್ಲಿ ವಾಪಸ್ ಕರೆಯುತ್ತಿದ್ದುದು ಹೇಗೆ? ಯೋಚಿಸಿದರೆ ನಾವೂ ಕರೆದಿರಲಿಲ್ಲ. ಹೊರಗಾದವಳು ದ್ಯಾವಮ್ಮ. ನಾನು ಮದುವೆಯಾಗಿ ಆ ಊರಿಗೆ ಬಂದು ಎರಡು ವರ್ಷವಾಗಿತ್ತು. ಅವಳ ಗಂಡ ಕೊಣನೂರು ಸಂತೆಗೆ ಹೋಗಿದ್ದ ದಿನ ಲೆವಿ ಸಾಹೇಬರು ಬಂದರು. ಊರಿನವರ ಹಗೇವು ಎಲ್ಲೆಲ್ಲಿ ಅಂತ ಕೇಳಿದರು. ಅವಳು ತೋರಿಸಿದಳು. ಯಾಕೆ ತೋರಿಸಿದಳೋ ಗೊತ್ತಿಲ್ಲ. ಹೆದರಿದಳೋ, ತನ್ನ ಮನೆಗೆ ಹಗೇವು ಇರಲಿಲ್ಲ ಅನ್ನುವ ಸಂಕಟವೋ. ಬರೀ ಕೇಳಿದರು ಅಂತಲೂ ಇರಬಹುದು. ನಾವು ಯಾರೂ ವಿಚಾರಿಸಲಿಲ್ಲ.

ಆಗ ದಿನಾ ಕಡ್ಡಿ ಗೀರುವ ಅನುಕೂಲ ಎಲ್ಲರಿಗೂ ಇರಲಿಲ್ಲ. ಬೆಳಿಗ್ಗೆ ಯಾರ ಮನೆ ಒಲೆ ಮೊದಲು ಹೊತ್ತಿತೋ ಆ ಮನೆಗೆ ಬೆರಣಿ ಚೂರು ಹಿಡಿದು ಹೋಗಿ ಕೆಂಡ ತರುತ್ತಿದ್ದೆವು. ಕೆಂಡ ಕೊಟ್ಟು ತಂದ ಮನೆಗಳ ನಡುವೆ ಮಾತು ಬಿಡುವ ಹಾಗಿರಲಿಲ್ಲ, ಅದು ನಮ್ಮಲ್ಲಿ ನಡೆದುಬಂದ ಪದ್ಧತಿ. ಊರು ಮಾತು ಬಿಟ್ಟ ಮೂರನೆಯ ದಿನ ದ್ಯಾವಮ್ಮ ಬೆರಣಿ ಹಿಡಿದು ನಮ್ಮ ಹಿತ್ತಲ ಬಾಗಿಲಿಗೆ ಬಂದಳು.

"ಇನ್ನೂ ಒಲೆ ಹಚ್ಚಿಲ್ಲ ಕಣಕ್ಕ," ಅಂದೆ.

ನನ್ನ ತಲೆಯ ಮೇಲೆ ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತಿತ್ತು. ಅವಳು ಹೊಗೆ ನೋಡಿದಳು, ನನ್ನನ್ನು ನೋಡಿದಳು, ಹೋದಳು. ತಿಂಗಳಲ್ಲಿ ಆ ಮನೆ ಖಾಲಿಯಾಯಿತು. ಎಲ್ಲಿಗೆ ಹೋದರು ಅಂತ ನಾನು ಕೇಳಲಿಲ್ಲ. ನಾನೇ ಬೆರಣಿ ಹಿಡಿದು ಅವಳ ಬಾಗಿಲಿಗೆ ಕೆಂಡಕ್ಕೆ ಹೋಗಿದ್ದರೆ ಊರು ಏನು ಮಾಡುತ್ತಿತ್ತು? ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಅತ್ತೆ ಬಿಡುತ್ತಿರಲಿಲ್ಲ. ಆದರೆ ಈಗ ಅತ್ತೆ ಇಲ್ಲ, ನಾನೇ ಮುದುಕಿ.

ಶನಿವಾರ ಶಾಲೆ ಬಿಟ್ಟ ಮೇಲೆ, ಎರಡು ತೆಂಗಿನ ಕರಟ, ಒಂದು ಹಳೆ ಬಾಂಡ್ಲಿ ಹಿಡಿದು ಎದುರುಮನೆಗೆ ಹೋದೆ.

"ಒಸಿ ಕೆಂಡ ಕೊಡವ್ವ ಗಿರಿಜ."

"ಗ್ಯಾಸ್ ಮುಗೀತಾ ಅಜ್ಜಿ? ನಮ್ಮದ್ರಲ್ಲೇ ಕಾಯಿಸ್ಕೊಡ್ತೀನಿ ಬನ್ನಿ, ಏನು, ಹಾಲಾ?"

"ಹಾಲಲ್ಲ. ಕೆಂಡ."

"ಗ್ಯಾಸ್ ಒಲೇಲಿ ಕೆಂಡ ಎಲ್ಲಿಂದ ತರ್ಲಿ ಅಜ್ಜಿ? ಕಡ್ಡಿಪೆಟ್ಟಿಗೆ ಕೊಡ್ಲಾ?"

"ಬ್ಯಾಡ. ಈ ಕರಟ ನಿನ್ನ ಒಲೇಲಿ ಹಚ್ಚು."

ಕರಟ ಹೊತ್ತಿಕೊಂಡಿತು. ಅಡಿಗೆಮನೆ, ನಡುಮನೆ ಎಲ್ಲ ಹೊಗೆ. ಗಿರಿಜಳ ಗಂಡ ಕೆಮ್ಮುತ್ತಾ ಹೊರಗೆ ಬಂದು, "ಏನಾಯ್ತು, ಮನೆ ಸುಟ್ಟೋಯ್ತಾ?" ಅಂದ. ರಂಜಿತ ಮೂಲೆಯಲ್ಲಿ ಬಟ್ಟೆ ತುಂಬಿದ ಬ್ಯಾಗಿನ ಪಕ್ಕ ಕೂತಿದ್ದಳು. ಕೆಂಡ ಬಾಂಡ್ಲಿಗೆ ಬಿದ್ದ ಮೇಲೆ ಅವಳನ್ನು ಕರೆದೆ.

"ಬಾರವ್ವ, ನಂಗೆ ಮಂಡಿ ನೋವು. ಕೊಟ್ಟಿಗೆಗಂಟ ಎತ್ಕಂಡು ಬಾ."

ಅವಳು ಅಲ್ಲಾಡಲಿಲ್ಲ. ಮೆಲ್ಲಗೆ, "ನನ್ ಜೊತೆ ಮಾತಾಡಂಗಿಲ್ಲ ಅಜ್ಜಿ ನೀವು," ಅಂದಳು.

"ಅಂಗಂದೋಳು ನಾನೇ ಕಣವ್ವ. ಬುದ್ಧಿ ಇಲ್ದೆ ಅಂದೆ. ಏಳು."

ಬಾಂಡ್ಲಿಯ ಕಿವಿಗೆ ಬಟ್ಟೆ ಸುತ್ತಿ ಹಿಡಿದು ಅವಳು ಬೀದಿ ದಾಟಿದಳು. ಗೋಡೆ ಹತ್ತಲು ನಾನು ಬಿಡಲಿಲ್ಲ, ಬಾಗಿಲಿನಿಂದಲೇ ಬಂದೆವು. ಕೊಟ್ಟಿಗೆಯಲ್ಲಿ ಚೈತ್ರ, ಉಳಿದ ನಾಲ್ವರು ಬಾಯಿ ಬಿಟ್ಟು ನಿಂತಿದ್ದರು. ಖಾಲಿ ಹಗೇವಿಗೆ ಒಣ ಕಡ್ಡಿ, ತೆಂಗಿನ ನಾರು ತುಂಬಿ ಕೆಂಡ ಸುರಿದೆ. ಅಳಿಯ ಹಾಸನದಿಂದ ತಂದಿದ್ದ ಹೊಸ ಆಲೂಗೆಡ್ಡೆ ಮಡಿಲಿನಲ್ಲಿತ್ತು. ಬೆಂಕಿ ಕಟ್ಟಿದ ಮೇಲೆ ಬೂದಿಯೊಳಗೆ ಒಂದೊಂದೇ ಹೂತೆ.

"ಇದ್ಯಾವ ರೂಲ್ಸು ಅಜ್ಜಿ? ಕಾರ್ಟೂನಲ್ಲಿ ಇಲ್ಲ," ಅಂದಳು ಚೈತ್ರ.

"ಕಾರ್ಟೂನಲ್ಲಿ ಒಲೇನೇ ಇಲ್ಲ ಕಣೇ. ಒಲೆ ಇಲ್ದಿರೋ ಊರಿಗೆ ಈ ರೂಲ್ಸು ಎಂಗ್ ಬತ್ತದೆ? ಇದು ರಂಜಿತನ ಮನೆ ಬೆಂಕಿ. ಈ ಬೆಂಕೀಲಿ ಸುಟ್ಟಿದ್ದು ತಿಂದೋರು ಅವಳ ಜೊತೆ ಮಾತಾಡ್ಬೇಕು. ಮಾತಾಡಲ್ಲ ಅನ್ನೋರು ತಿನ್ನಂಗಿಲ್ಲ. ಬಲವಂತ ಏನಿಲ್ಲ."

ಆಲೂಗೆಡ್ಡೆ ಸಿಪ್ಪೆ ಸುಟ್ಟ ವಾಸನೆ ಕೊಟ್ಟಿಗೆ ತುಂಬಿತು. ನಾಲ್ವರು ಹುಡುಗಿಯರು ಮುಂದೆ ಬಂದರು. ಚೈತ್ರ ನಿಂತೇ ಇದ್ದಳು. ನಾನು ಒಂದು ಗೆಡ್ಡೆ ಬಿಡಿಸಿ ಅವಳ ಅಂಗೈಗೆ ಹಾಕಿದೆ. ಬಿಸಿಗೆ ಆ ಕೈಯಿಂದ ಈ ಕೈಗೆ ಎಸೆದುಕೊಂಡಳು, ಊದಿದಳು, ಒಂದು ಚೂರು ಬಾಯಿಗೆ ಹಾಕಿಕೊಂಡಳು. ನೆಲ ನೋಡುತ್ತಾ ಕೇಳಿದಳು:

"ರಂಜಿತ, ನಿಮ್ಮನೇಲಿ ಉಪ್ಪು ಐತಾ?"

ನಮ್ಮ ಮನೆಯಲ್ಲೇ ಎರಡು ಡಬ್ಬ ಉಪ್ಪಿತ್ತು. ನಾನು ಇನ್ನೊಂದು ಗೆಡ್ಡೆ ಬಿಡಿಸತೊಡಗಿದೆ.

"ಐತೆ, ತತ್ತೀನಿ," ಅಂದವಳೇ ರಂಜಿತ ಓಡಿದಳು.

ಭಾನುವಾರ ಬೆಳಿಗ್ಗೆ ಅವರಪ್ಪನ ಜೊತೆ ಬಸ್‌ಸ್ಟ್ಯಾಂಡಿಗೆ ಹೊರಟಳು. ಬ್ಯಾಗು ದೊಡ್ಡದೇ ಇತ್ತು. ಮುಗಿಯಿತು, ಆಲೂಗೆಡ್ಡೆ ದಂಡ ಅಂದುಕೊಂಡೆ. ಚೈತ್ರ ಅವತ್ತೆಲ್ಲ ಟೀವಿ ಹಾಕಲಿಲ್ಲ. ಸಾಯಂಕಾಲ ಬಸ್ಸಿಳಿದು ಅಪ್ಪ ಮಗಳು ಇಬ್ಬರೂ ಬರುತ್ತಿದ್ದರು. ಬ್ಯಾಗು ಹಾಗೇ ಇತ್ತು.

"ಅಜ್ಜೀನ ನೋಡ್ಕಂಡು ಬಂದೆ. ನಾಳೆ ಕನ್ನಡ ಟೆಸ್ಟು," ಅಂದಳು, ಬೇರೇನೂ ಆಗಿಲ್ಲವೆಂಬಂತೆ.

ಸೋಮವಾರ ಕೊಟ್ಟಿಗೆಗೆ ಬಂದು ತಾನೇ ಮಣ್ಣು ಕೆದಕಿ ತನ್ನ ತಗಡು ತೆಗೆದಳು. ಕಟ್ಟಿಕೊಳ್ಳುತ್ತಾಳೆ ಅಂದುಕೊಂಡರೆ ನನ್ನ ಕೈಗೆ ಕೊಟ್ಟಳು.

"ನೀವೇ ಇಟ್ಕಳಿ ಅಜ್ಜಿ. ನಾನು ಆ ಊರಿಗೆ ಸೇರಲ್ಲ. ಆಡೋಕೆ ಬತ್ತೀನಿ."

"ಸೇರ್ದೆ ಎಂಗೆ ಆಡ್ತೀಯವ್ವ?"

"ಸೇತುವೆಗೆ ಕೆಂಪು ಬಟ್ಟೆ ಕಟ್ತಾರಲ್ಲ, ಅವಳು ನಾನು."

ಅವತ್ತಿನಿಂದ ನಮ್ಮ ಗೇಟಿಗೆ ಕೆಂಪು ರಿಬ್ಬನ್ನು ಬಿತ್ತೆಂದರೆ ಹಿತ್ತಲಿನಿಂದ ಮೂವರು ನಿಂಜಾಗಳು ಓಡಿ ಬಂದು ಅವಳ ಮುಂದೆ ಕೈಕಟ್ಟಿ ನಿಲ್ಲಬೇಕು. ಮೊದಲನೆಯ ದಿನ, ಕತ್ತೆ ಕಳೆದುಹೋಗಿದೆ, ಹುಡುಕಿಕೊಡಿ ಅಂದಳು. ಯಜಮಾನಿ ಕಳಿಸಿಕೊಟ್ಟೆ. ಚೈತ್ರ ಮತ್ತೆ ಇಬ್ಬರು ನಾಲ್ಕು ಬೀದಿ ಸುತ್ತಿ, ಹೊಳೆದಂಡೆಯವರೆಗೂ ಹೋಗಿ, ಬೆವರು ಸುರಿಸಿಕೊಂಡು ಬರಿಗೈಯಲ್ಲಿ ಬಂದರು. ರಂಜಿತ ಗೇಟಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಳು.

ನನಗೆ ಅನುಮಾನ ಬಂತು. ಹತ್ತಿರ ಹೋಗಿ, "ಕತ್ತೆ ನಿಜವಾಗ್ಲೂ ಇತ್ತಾ ಇಲ್ವಾ, ನಂಗೊಬ್ಬಳಿಗೆ ಹೇಳೇ," ಅಂತ ಕೇಳಿದೆ.

ಅವಳು ನನ್ನ ಮುಖವನ್ನೇ ನೋಡಿ ನಕ್ಕಳು.

"ಹೇಳಂಗಿಲ್ಲ ಅಜ್ಜಿ."